ಏಳು ಕಿಲೋ ಆಗುವವರೆಗೆ

ಎರಡನೇ ಮಹಡಿಯ ಮಗುವಿಗೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಪೂರ್ತಿ ಗೋಡೆ ಇರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ದಾದಿ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದಾಗ ಮಗು ಆಗಲೇ ಆಸ್ಪತ್ರೆ ಸೇರಿತ್ತು.

"ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ನೀರಿಳಿಸೋ ಔಷಧಿ ಬಾಟ್ಲಿಯಲ್ಲಿ ಇದ್ದಿದ್ದು ಬರೀ ಸಕ್ಕರೆ ನೀರು ಅಂದ್ರು ಡಾಕ್ಟ್ರು. ಔಷಧಿ ನಾನೇ ಮಾರ್ಕೊಂಡೆ ಅಂತಾರೆ ಅಜ್ಜಿ. ಸಂಜೆ ಪೊಲೀಸರನ್ನ ಕರೀತಾರಂತೆ," ಎಂದಳು. ಅಳಲಿಲ್ಲ.

ನನ್ನ ದೊಡ್ಡಮ್ಮ ವಿಮಾ ಕಂಪನಿಗಾಗಿ ಸಾವುಗಳನ್ನು ತನಿಖೆ ಮಾಡಿ ನಿವೃತ್ತಳಾದವಳು. ಕಟ್ಟಡದಲ್ಲಿ ಯಾರ ಚಪ್ಪಲಿ ಕಳೆದರೂ ನಮ್ಮ ಬಾಗಿಲನ್ನೇ ತಟ್ಟುತ್ತಿದ್ದರು. ನಾನು ಅವಳ ಸಂಬಳವಿಲ್ಲದ ಸಹಾಯಕಿ.

ಮೂವರೂ ಮೇಲೆ ಹೋದೆವು. ತಾಯಿ ಆಸ್ಪತ್ರೆಯಲ್ಲಿದ್ದಳು. ತಂದೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಅಜ್ಜಿ ಮಾತ್ರೆ ಡಬ್ಬಿಯನ್ನು ಮಗನ ಕೈಗೆ ಕೊಟ್ಟು, "ತೆಗೆದುಕೊಡೋ, ಈ ಬೆರಳು ಯಾವ ಮುಚ್ಚಳಾನೂ ತಿರುಗಿಸಲ್ಲ," ಎಂದಳು. ಆಮೇಲೆ ದಾದಿಯನ್ನು ನೋಡಿದಳು. "ಇವಳನ್ನ ಯಾಕೆ ಕರ್ಕೊಂಡು ಬಂದ್ರಿ?"

ದೊಡ್ಡಮ್ಮ ಬಾಲ್ಕನಿಯ ತಂತಿ ನೋಡುತ್ತಿದ್ದಳು. ಅಲ್ಲಿ ದೊಡ್ಡವರ ಬಟ್ಟೆ ಮಾತ್ರ ಇತ್ತು.

"ಮಗು ಬಟ್ಟೆ?"

"ಈ ವಾರ ಅಷ್ಟಾಗಿ ಒದ್ದೆ ಮಾಡ್ಕೊಳ್ಳೇ ಇಲ್ಲ. ಬುದ್ಧಿ ಬಂತು ಅಂದ್ಕೊಂಡೆ," ಎಂದಳು ಅಜ್ಜಿ.

"ಹತ್ತು ತಿಂಗಳಿಗೇ? ನಿಮ್ಮ ಮಗನಿಗೆ ಎಷ್ಟು ವರ್ಷಕ್ಕೆ ಬಂತು?"

ದೊಡ್ಡಮ್ಮ ಒಳಗೆ ತಿರುಗಿದಳು. ಮೇಜಿನ ಮೇಲೆ ಮಗುವಿನ ತೂಕದ ಯಂತ್ರವಿತ್ತು.

"ಅದನ್ನ ನಾನೇ ನೋಡೋದು, ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ," ಎಂದ ತಂದೆ. "ಆರೂ ಮುಕ್ಕಾಲಾಗಿದೆ. ಹೋದ ವಾರದವರೆಗೂ ಔಷಧಿ ಹಾಕಿದಾಗೆಲ್ಲ ಇಳಿದುಬಿಡ್ತಿತ್ತು. ಏಳಾದ್ರೆ ಆಪರೇಷನ್. ಮುಂದಿನ ವಾರವೇ ಸರದಿ."

"ಹಾಲು ಚೆನ್ನಾಗಿ ಕುಡೀತಿತ್ತಾ?"

"ನಾಲ್ಕು ಗುಟುಕಿಗೆ ಹಣೆಯೆಲ್ಲ ಬೆವರಿ ಬಿಟ್ಬಿಡ್ತಿತ್ತು," ಎಂದಳು ದಾದಿ. "ಉಸಿರು ಜೋರಾಗಿದೆ, ಡಾಕ್ಟರಿಗೆ ತೋರಿಸಿ ಅಂತ ಎರಡು ಸಲ ಹೇಳಿದೆ."

"ಮೈ ತುಂಬ್ಕೊಳ್ತಿರೋ ಮಗೂನ ಯಾಕೆ ತೋರಿಸ್ಬೇಕು ಅಂದೆ," ಎಂದ ತಂದೆ.

ಸಂಜೆ ಮಕ್ಕಳ ತೀವ್ರ ನಿಗಾ ಘಟಕದ ಹೊರಗೆ ಎಲ್ಲರೂ ಸೇರಿದೆವು. ತಾಯಿ ಗೋಡೆಗೊರಗಿ ನಿಂತಿದ್ದಳು. ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಚಹಾದ ಲೋಟವಿತ್ತು.

"ಈ ಮಗುವಿನ ಹೃದಯ ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತ ತಳ್ಳುತ್ತೆ," ಎಂದಳು ದೊಡ್ಡಮ್ಮ. "ಅದು ಸೋತರೆ ಮೈಯಲ್ಲಿ ನೀರು ನಿಲ್ಲುತ್ತೆ. ಔಷಧಿ ಆ ನೀರನ್ನ ಮೂತ್ರದಲ್ಲಿ ಕಳಿಸುತ್ತೆ. ಮಗು ಬಟ್ಟೆ ಒದ್ದೆಯಾಗಿಲ್ಲ ಅಂದ್ರೆ ಔಷಧಿ ಒಳಗೆ ಹೋಗಿಲ್ಲ. ಹಾಲು ಕುಡಿಯದೆ ತೂಕ ಏರಿದೆ ಅಂದ್ರೆ ಏರಿದ್ದು ಮಾಂಸ ಅಲ್ಲ, ನೀರು."

"ಅದೇ, ಇವಳು ಕದ್ದಳು," ಎಂದಳು ಅಜ್ಜಿ.

"ಕದ್ದವಳು ಡಾಕ್ಟರಿಗೆ ತೋರಿಸಿ ಅಂತ ಎರಡು ಸಲ ಹೇಳ್ತಾಳಾ? ನಿಮ್ಮ ಕೈಗೆ ಮುಚ್ಚಳ ತೆಗೆಯೋಕಾಗಲ್ಲ. ತಾಯಿಯಾಗಲಿ ನೀವಾಗಲಿ ತೂಕ ನೋಡೋದಿಲ್ಲ. ಔಷಧಿ ಕೊಟ್ಟಾಗ ತೂಕ ಇಳಿಯುತ್ತೆ ಅಂತ ದಿನಾ ಕಂಡವನು ಒಬ್ಬನೇ. ಇಳಿಯೋದು ಯಾವಾಗ ನಿಂತಿತು ಅಂತ ಹೇಳಿದವನೂ ಅವನೇ."

ತಂದೆ ನೆಲ ನೋಡುತ್ತಿದ್ದ. "ಏಳು ಆದ್ಮೇಲೆ ಕರ್ಕೊಂಡು ಬನ್ನಿ ಅಂದ್ರು. ಮಗು ಕಷ್ಟಪಟ್ಟು ಗಳಿಸಿದ್ದನ್ನ ಔಷಧಿ ಕಳೀತಿದೆ ಅನ್ನಿಸ್ತು. ಸರದಿ ತಪ್ಪಿದ್ರೆ ಮತ್ತೆ ಯಾವಾಗ ಸಿಗುತ್ತೋ ಅಂತ..."

"ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?" ಎಂದಳು ತಾಯಿ.

ಅಜ್ಜಿ ದಾದಿಯ ಕಡೆ ತಿರುಗಿ, "ನಾಳೆಯಿಂದ ಬಾಮ್ಮ," ಎಂದಳು. ದಾದಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಮಗು ಬದುಕಿತು. ಸೂಜಿಮದ್ದಿಗೆ ನೀರೆಲ್ಲ ಇಳಿಯಿತು. ಆಪರೇಷನ್ನಿಗೆ ಬೇರೆ ಮಗುವನ್ನು ಕರೆದರು. ದಾದಿ ಮತ್ತೆ ಆ ಮನೆಗೆ ಬರಲಿಲ್ಲ.

ಕಳೆದದ್ದು ಒಂದು ಕಿಲೋ ನೀರು, ಒಂದು ಸರದಿ, ಒಬ್ಬಳು ದಾದಿ.