ಮುಚ್ಚಳ ತೆರೆದ ದಿನ

"ಮೇಲೆ ಬನ್ರೀ! ಈಗ್ಲೇ!"

ಎಲಿಸೋ ಬೆಚ್ಚಿ ತಲೆಯೆತ್ತಿದಳು. ವೈನ್ ಕೋಣೆಯಾದ ಮರಾನಿಯಲ್ಲಿ, ನೆಲದಲ್ಲಿ ಹೂತಿದ್ದ ಆಳೆತ್ತರದ ಮಣ್ಣಿನ ಗುಡಾಣದೊಳಗಿಳಿದು ತಳ ಉಜ್ಜುತ್ತಿದ್ದಳು ಅವಳು. ಮೇಲೆ, ಗುಡಾಣದ ಬಾಯಲ್ಲಿ ಅಪರಿಚಿತನೊಬ್ಬನ ಮುಖ!

"ಯಾರ್ರೀ ನೀವು? ಹೇಳದೆ ಕೇಳದೆ ನಮ್ಮ ಮರಾನಿಗೆ ನುಗ್ಗಿದೀರಲ್ಲ!"

"ಮೇಣದಬತ್ತಿ ಇಳಿಬಿಟ್ಟು ನೋಡಿದ್ರಾ?"

ಅಯ್ಯೋ... ಮರೆತಿದ್ದಳು! ಪಕ್ಕದ ಗುಡಾಣದಲ್ಲಿ ಅಪ್ಪನ ದ್ರಾಕ್ಷಿರಸ ಕೊತಕೊತ ಹುಳಿಯುತ್ತಿತ್ತು. ಅದರ ಗಾಳಿ ಇತ್ತ ಇಳಿದರೆ ಬತ್ತಿಯೂ ಆರುತ್ತದೆ, ಒಳಗಿದ್ದವರ ಉಸಿರೂ ನಿಲ್ಲುತ್ತದೆ. ನಮ್ಮ ದ್ರಾಕ್ಷಿಸೀಮೆ ಕಾಖೇತಿಯಲ್ಲಿ ಇದು ತಿಳಿಯದವರಿಲ್ಲ.

ಅವನು ಬೋರಲು ಮಲಗಿ, ಎರಡೂ ಕೈ ಚಾಚಿ ಅವಳನ್ನು ಎಳೆದುಕೊಂಡ. ಎಲಿಸೋ ಅವನ ಪಕ್ಕದಲ್ಲೇ ದೊಪ್ಪನೆ ಬಿದ್ದಳು.

"ಶಾಲ್ವಾ ಅಂತ. ಗುಡಾಣ ಮಾಡೋನು. ಒಂದರ ಕತ್ತು ಬಿರುಕು ಬಿಟ್ಟಿದೆ, ರಿಪೇರಿ ಮಾಡು ಅಂತ ನಿಮ್ಮಪ್ಪ ಕರೆಸಿದ್ರು. ಬಂದ್ರೆ ಒಳಗೆ ಮನುಷ್ಯರೇ ಇದಾರೆ!"

ಅವಳ ಎದೆ ಡವಡವ ಎನ್ನುತ್ತಿತ್ತು. ಭಯಕ್ಕೋ? ಇಲ್ಲ... ಭಯ ಇಷ್ಟು ಹಿತವಾಗಿರುವುದಿಲ್ಲ!

ಬಿರುಕು ಮುಚ್ಚಲು ಒಂದು ದಿನ ಸಾಕಿತ್ತು. ಪುಣ್ಯಾತ್ಮ ಎಂಟು ದಿನ ಬಂದ! ಕೊಯ್ಲಿನ ಬುಟ್ಟಿ ಹೊತ್ತ, ತೊಟ್ಟಿಯಲ್ಲಿ ದ್ರಾಕ್ಷಿ ತುಳಿದ, ಎಲಿಸೋ ನಕ್ಕಾಗಲೆಲ್ಲ ಎಡವಿದ.

ಅವಳು ಉಜ್ಜಿದ ಗುಡಾಣದಲ್ಲಿ ಆ ಸಲ ವೈನ್ ಮಾಡುವ ಹೊಣೆ ಎಲಿಸೋಳದೇ. ಅಪ್ಪ ಇಲಾರಿಯೋನ್ ಮೊದಲೇ ಹೇಳಿಬಿಟ್ಟಿದ್ದರು: "ನಾನು ಬಾಯಿ ಹಾಕಲ್ಲ ಮಗಳೇ. ವೈನ್ ಚೆನ್ನಾಗಿ ಬಂದ್ರೆ ಮರಾನಿಯ ಬೀಗದ ಕೈ ನಿಂದು. ಕೆಟ್ರೆ ನಿನ್ನ ದೊಡ್ಡಪ್ಪನ ಮಗ ಜಾಬಾಗೆ."

ಎಲಿಸೋಗೆ ಪ್ರಪಂಚದಲ್ಲಿ ಬೇಕಿದ್ದುದು ಆ ಬೀಗದ ಕೈ ಒಂದೇ. ಶಾಲ್ವಾ ಬರುವವರೆಗೆ, ಅಷ್ಟೇ!

ರಸ ತುಂಬಿದ ಹತ್ತನೇ ದಿನ ತನ್ನ ಗುಡಾಣದ ಬಾಯಿಗೆ ಕಿವಿಯಿಟ್ಟಳು. ಸದ್ದಿಲ್ಲ! ಕುದಿತ ನಿಂತಿತು ಅಂದುಕೊಂಡಳು. ರಸ ಕತ್ತಿಗಿಂತ ನಾಲ್ಕು ಬೆರಳು ಕೆಳಗಿತ್ತು; ಖಾಲಿ ಜಾಗದ ಗಾಳಿಗೆ ವೈನ್ ಕೆಡುತ್ತದೆಂದು ಗೊತ್ತಿದ್ದರೂ ತುಂಬಿಸಲು ಬೇರೆ ರಸ ಇರಲಿಲ್ಲ. ಇರಲಿ ಬಿಡು ಎಂದು ಕಲ್ಲಿನ ಮುಚ್ಚಳವಿಟ್ಟು, ಸುತ್ತ ಹಸಿಮಣ್ಣು ಮೆತ್ತಿಯೇಬಿಟ್ಟಳು.

ಮುಚ್ಚಿದ ಮೂರನೇ ಬೆಳಿಗ್ಗೆ ಮರಾನಿಗೆ ಬಂದವಳು ಬಾಗಿಲಲ್ಲೇ ನಿಂತಳು. ಶಾಲ್ವಾ ಅವಳ ಗುಡಾಣದ ಮುಂದೆ ಮಂಡಿಯೂರಿದ್ದ! ಮೊಣಕೈವರೆಗೂ ಮಣ್ಣು. ಪಕ್ಕದಲ್ಲೊಂದು ಖಾಲಿ ಹೂಜಿ.

"ನನ್ನ ಗುಡಾಣ ತೆಗೆದ್ರಾ? ಒಳಗೆ ಗಾಳಿ ಬಿಟ್ರಾ? ಜಾಬಾ ಕಳಿಸಿದ್ನಾ ನಿಮ್ಮನ್ನ?"

"ಎಲಿಸೋ, ಅದು..."

ಅಷ್ಟರಲ್ಲಿ ಅವಳ ಬೆನ್ನಹಿಂದೆ ಇಲಾರಿಯೋನ್ ಬಂದು ನಿಂತರು. ಶಾಲ್ವಾ ತೆರೆದ ಬಾಯಿ ಮುಚ್ಚಿದ.

"ತಪ್ಪಾಯ್ತು," ಎಂದಷ್ಟೇ ಹೇಳಿ ಹೊರಟುಹೋದ.

'ಹೋಗಲಿ! ಮೋಸಗಾರ!' ಎಂದುಕೊಂಡೇ ಚಳಿಗಾಲವಿಡೀ ಅತ್ತಳು.

ವಸಂತ ಬಂತು. ಗುಡಾಣ ತೆರೆಯುವ ದಿನ ಊರವರೆಲ್ಲ ಸೇರಿದರು. ಇಲಾರಿಯೋನ್ ಮಣ್ಣು ಕೆದಕಿ ಮುಚ್ಚಳ ಎತ್ತಿದರು, ಸೋರೆಬುರುಡೆಯಲ್ಲಿ ಮೊಗೆದು ಬಾಯಿಗಿಟ್ಟರು.

"ಎಲಿಸೋ... ಬಂಗಾರ ಕಣೇ ಇದು!"

ಹೋ ಎಂದು ಕೂಗು! ಬೀಗದ ಕೈ ಅವಳ ಅಂಗೈಗೆ ಬಂತು. ಕುಣಿಯುತ್ತಾ ಗುಡಾಣದೊಳಗೆ ಬಗ್ಗಿ ನೋಡಿದಳು...

ವೈನ್ ಕತ್ತಿನವರೆಗೂ ತುಂಬಿತ್ತು!

ನಾಲ್ಕು ಬೆರಳು ಕಮ್ಮಿ ಇದ್ದದ್ದು ಹೇಗೆ ತುಂಬಿತು? ಮುಚ್ಚಳ ತಿರುಗಿಸಿದಳು. ಅಡಿಯೆಲ್ಲ ಒಣಗಿದ ನೊರೆಯ ಕಲೆ. ಕುದಿತ ನಿಂತೇ ಇರಲಿಲ್ಲ! ಆತುರಗೇಡಿಯಾಗಿ ಮುಚ್ಚಿದ್ದಳು, ಕುದಿತದ ಗಾಳಿ ಮುಚ್ಚಳವನ್ನೇ ಎತ್ತಿತ್ತು, ವೈನ್ ಉಕ್ಕಿ ಹೋಗಿತ್ತು. ಅದನ್ನು ಕಂಡ ಶಾಲ್ವಾ ಕುದಿತ ಅಡಗಿದ ಮೇಲೆ ಹೂಜಿಯಲ್ಲಿ ವೈನ್ ತಂದು ತುಂಬಿಸಿ, ಮತ್ತೆ ಮೆತ್ತಿದ್ದ. ಅಪ್ಪನ ಎದುರು ಅವಳ ತಪ್ಪು ಹೇಳಲಾಗದೆ ಬೈಗುಳ ತಿಂದು ಹೋಗಿದ್ದ!

ಈಗ ಬಾಯಿ ಮುಚ್ಚಿಕೊಂಡರೆ ಬೀಗದ ಕೈ ಅವಳದೇ. ಯಾರಿಗೂ ಗೊತ್ತಾಗುವುದಿಲ್ಲ...

"ಅಪ್ಪ, ತಗೋ ಇದನ್ನ," ಬೀಗದ ಕೈ ಚಾಚಿದಳು. "ನಾನು ಬೇಗ ಮುಚ್ಚಿ ಕೆಡಿಸಿದ್ದೆ. ಉಳಿಸಿದ್ದು ಶಾಲ್ವಾ. ನಾನು ಅವರನ್ನೇ ಮೋಸಗಾರ ಅಂದ್ಕೊಂಡೆ."

ಜಾಬಾ ಗೊಳ್ಳೆಂದು ನಕ್ಕ.

"ನೀನು ನಗಬೇಡ ಕಣೋ!" ಇಲಾರಿಯೋನ್ ಗದರಿದರು. "ಎರಡು ವರ್ಷ ನಮಗೆ ಹುಳಿನೀರು ಕುಡಿಸಿದೋನು ನೀನು. ಒಂದು ದಿನ ಒಪ್ಕೊಂಡಿದೀಯಾ? ಎಲಿಸೋ, ಬೀಗದ ಕೈ ನಿನ್ನ ಹತ್ರಾನೇ ಇರ್ಲಿ. ಇಲ್ಲೇನು ನಿಂತಿದೀಯ? ಓಡು, ಆ ಹುಡುಗನ್ನ ಕರ್ಕೊಂಡು ಬಾ!"

ಓಡಿದಳು! ಕೈಯಲ್ಲಿ ವೈನ್ ತುಂಬಿದ ಮಣ್ಣಿನ ಬಟ್ಟಲು, ದಾರಿಯುದ್ದ ಚೆಲ್ಲುತ್ತಾ.

ಶಾಲ್ವಾ ಆವಿಗೆಯ ಅಂಗಳದಲ್ಲಿ ಹೊಸ ಗುಡಾಣದೊಳಗೆ ಜೇನುಮೇಣ ಬಳಿಯುತ್ತಿದ್ದ. ಅವಳನ್ನು ಕಂಡು ಎದ್ದುನಿಂತ.

"ಯಾಕೆ ಹೇಳ್ಲಿಲ್ಲ?" ಏದುಸಿರಲ್ಲೇ ಕೇಳಿದಳು.

"ನಿಮ್ಮಪ್ಪ ನಿಂತಿದ್ರು. ಹೇಳಿದ್ರೆ ಬೀಗದ ಕೈ ಹೋಗ್ತಿತ್ತು."

"ಆಮೇಲಾದ್ರೂ ಬರಬಹುದಿತ್ತಲ್ಲ?"

"ಮೋಸಗಾರ ಅನ್ನೋ ಹಾಗೆ ನೋಡಿದ್ರಿ. ಆ ಮುಖ ಇನ್ನೊಂದು ಸಲ ನೋಡೋಕೆ ಧೈರ್ಯ ಆಗ್ಲಿಲ್ಲ."

"ಈಗ ನೋಡಿ!" ಕಣ್ಣೀರು ಒರೆಸಿಕೊಳ್ಳುತ್ತಾ ಬಟ್ಟಲು ಚಾಚಿದಳು. "ಕುಡೀರಿ. ಹೂಜಿಯಲ್ಲಿ ಇದ್ದದ್ದು ಯಾರ ವೈನು?"

"ನಮ್ಮನೇದು. ಅಮ್ಮ ಮಾಡಿದ್ದು." ಒಂದು ಗುಟುಕು ಕುಡಿದ. "ಆದ್ರೆ... ಯಾವುದು ನಮ್ಮದು, ಯಾವುದು ನಿಮ್ಮದು, ಗೊತ್ತೇ ಆಗ್ತಿಲ್ಲ."

"ನಂಗೂ. ಇನ್ನು ಬೇರೆ ಮಾಡೋಕಾಗಲ್ಲ."

"ಮಾಡಬೇಕಾ ಎಲಿಸೋ?"

"ಬೇಡ," ಎಂದು ಅವನ ಮೇಣ ಮೆತ್ತಿದ ಕೈಯನ್ನು ಹಿಡಿದುಕೊಂಡಳು. "ನಡಿ, ಅಪ್ಪ ಕಾಯ್ತಿದಾರೆ."