ಅಮ್ಮನ ಮೈಕು, ಕಡ್ಡಿಯ ಬ್ಯಾಗು

“ಇಲ್ಲಿ ಕೂತ್ಕೋಬೇಡ!”

ಕಡ್ಡಿ ತನ್ನ ಪಕ್ಕದ ಸೀಟಿನ ಮೇಲೆ ಬ್ಯಾಗನ್ನು ಧೊಪ್ಪೆಂದು ಇಟ್ಟಳು. ಅದು ಚೂಟಿಯ ಸೀಟು. ಸ್ಕೂಲ್ ಬಸ್ಸಿನಲ್ಲಿ ಒಂದನೇ ಕ್ಲಾಸಿನಿಂದಲೂ ಇಬ್ಬರೂ ಅಲ್ಲೇ ಕೂರುತ್ತಿದ್ದದ್ದು.

“ಯಾಕೆ?”

“ಹೋಗಿ ನಿಮ್ಮಮ್ಮನ್ನ ಕೇಳು.”

ಅಮ್ಮ! ಮತ್ತೆ ಅಮ್ಮ! ಚೂಟಿಗೆ ರೇಗಿಹೋಯಿತು. ಊರಿನ ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವುದು ಅವಳ ಅಮ್ಮನೇ. ಬಾಯಿಗೆ ಬೀಗವೇ ಇಲ್ಲ. ನಿನ್ನೆ ನೀರಿನ ವಿಷಯ ಎತ್ತಿಕೊಂಡು, “ಮೇಲಿನ ಬೀದಿಯವರು ಕಾರು ತೊಳೆಯೋ ನೀರಲ್ಲಿ ಕೆಳಗಿನ ಬೀದಿಯವರು ವಾರವಿಡೀ ಸ್ನಾನ ಮಾಡಬಹುದು!” ಎಂದುಬಿಟ್ಟಿದ್ದಳು. ಇವತ್ತು ಬಸ್ಸಿನಲ್ಲಿ ಮೇಲಿನ ಬೀದಿಯ ಮಕ್ಕಳೆಲ್ಲ ಮುಂದೆ, ಕೆಳಗಿನ ಬೀದಿಯವರೆಲ್ಲ ಹಿಂದೆ.

ಕಡ್ಡಿಯ ಮನೆ ಮೇಲಿನ ಬೀದಿಯಲ್ಲಿ, ಚೂಟಿಯದು ಕೆಳಗಿನ ಬೀದಿಯಲ್ಲಿ.

“ನಮ್ಮಮ್ಮ ಏನು ಸುಳ್ಳು ಹೇಳಿದ್ಲಾ?” ಎಂದಳು ಚೂಟಿ.

“ನಮ್ಮನೇಲಿ ಕಾರೇ ಇಲ್ಲ ಕಣೇ. ನಮ್ಮಪ್ಪ...”

“ಸುಮ್ನಿರೇ, ಮೊದ್ಲು ನಾನು ಹೇಳೋದು ಕೇಳು!”

ಕಡ್ಡಿ ಕಿಟಕಿಯ ಕಡೆ ತಿರುಗಿಕೊಂಡಳು. ಚೂಟಿಗೆ ಹಿಂದೆ ಹೋಗಿ ಕೂರಲು ಮನಸ್ಸಾಗಲಿಲ್ಲ. ವಾರ ಪೂರ್ತಿ ಕಂಬಿ ಹಿಡಿದು ನಿಂತೇ ಸ್ಕೂಲಿಗೆ ಹೋದಳು.

ಭಾನುವಾರ ಅಮ್ಮ ಅವಳನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದಳು.

“ನಿನ್ನಿಂದ ನಂಗೆ ಫ್ರೆಂಡೇ ಇಲ್ದಂಗಾಯ್ತು!”

“ಅಷ್ಟಕ್ಕೇ ಮುನಿಸ್ಕೊಳ್ಳೋಳು ಎಂಥಾ ಫ್ರೆಂಡೇ? ಈಗ ಕೆಂಪು ದೀಪ ಹತ್ತುತ್ತೆ, ಆಮೇಲೆ ಇಲ್ಲಿ ಆಡಿದ್ದೆಲ್ಲ ರೇಡಿಯೋದಲ್ಲಿ ಕೇಳಿಸುತ್ತೆ. ತುಟಿಪಿಟಕ್ ಅನ್ನಬಾರ್ದು.”

ದೀಪ ಹತ್ತಿತು. ಫೋನ್ ಬಂತು. ಅಮ್ಮ ಮೇಜಿನ ಮೇಲಿನ ಒಂದು ಗುಂಡಿಯನ್ನು ಮೇಲಕ್ಕೆ ಜಾರಿಸಿದಳು. ಅದು ಮೇಲಿದ್ದರಷ್ಟೇ ಫೋನಿನವರ ದನಿ ಕೇಳಿಸುವುದು.

“ಮೇಡಂ, ಮೇಲಿನ ಬೀದಿ ಕೊನೇ ಮನೆಯಿಂದ ಮಾತಾಡ್ತಿದೀನಿ. ನೀವು ಹೇಳಿದ್ದು ಪೂರ್ತಿ...”

ಅಯ್ಯೋ, ಇದು ಕಡ್ಡಿಯ ಅಪ್ಪ!

ಅಮ್ಮ ಸರಕ್ಕನೆ ಗುಂಡಿ ಇಳಿಸಿದಳು. “ನೋಡಿದ್ರಾ ಕೇಳುಗರೇ? ಸತ್ಯ ಹೇಳಿದ್ರೆ ಹೇಗೆ ಉರಿಯುತ್ತೆ!”

ಫೋನಿನ ಪುಟ್ಟ ಹಸಿರು ದೀಪ ಮಿನುಗುತ್ತಲೇ ಇತ್ತು. ಪಾಪ, ಅವರು ಇನ್ನೂ ಮಾತಾಡುತ್ತಿದ್ದರು. ಯಾರಿಗೂ ಕೇಳಿಸುತ್ತಿರಲಿಲ್ಲ. ಚೂಟಿಗೆ ಬಸ್ಸಿನಲ್ಲಿ ತಾನು ಕಡ್ಡಿಯ ಮಾತು ತುಂಡರಿಸಿದ್ದು ನೆನಪಾಯಿತು. ಕೈ ಚಾಚಿ ಗುಂಡಿಯನ್ನು ಮೇಲಕ್ಕೆ ತಳ್ಳಿಬಿಟ್ಟಳು.

“...ಪೈಪಲ್ಲಿ ನೀರು ನಮ್ಮನೆವರೆಗೆ ಹತ್ತೋದೇ ಇಲ್ಲ ಮೇಡಂ. ಕಾರಿರೋದು ಮಧ್ಯದ ನಾಲ್ಕು ಮನೇಲಿ. ನಾವೂ ಬಕೆಟ್ ಹಿಡ್ಕೊಂಡು ಕೆಳಗಿನ ಬೀದಿ ಬೋರ್‌ವೆಲ್ಲಿಗೇ ಬರ್ತಿದ್ವಿ. ಈ ವಾರ ಅಲ್ಲಿ ಯಾರೂ ತುಂಬಿಸ್ಕೊಳ್ಳೋಕೆ ಬಿಡ್ಲಿಲ್ಲ.”

ಅಮ್ಮ ಕಣ್ಣು ಕೆಕ್ಕರಿಸಿದಳು. ಬೈಯೋಣವೆಂದರೆ ಕೆಂಪು ದೀಪ ಉರಿಯುತ್ತಿದೆ! ಬಾಯಿ ತೆರೆದಳು, ಮುಚ್ಚಿದಳು. ರೇಡಿಯೋ ಗಪ್‌ಚುಪ್. ಗಾಜಿನಾಚೆ ಕೂತಿದ್ದ ಇಂಜಿನಿಯರ್ ಅಂಕಲ್ ತಲೆ ಮೇಲೆ ಕೈಹೊತ್ತುಕೊಂಡರು.

ಕೊನೆಗೆ ಅಮ್ಮ ಮೆಲ್ಲಗೆ ಎಂದಳು, “ಹೇಳಿ. ಕೇಳ್ತಾ ಇದೀನಿ.”

ಸೋಮವಾರ ಬಸ್ಸಿನಲ್ಲಿ ಬ್ಯಾಗು ಸೀಟಿನ ಮೇಲೇ ಇತ್ತು. ಚೂಟಿ ಕಂಬಿ ಹಿಡಿದು ನಿಂತಳು.

“ಅವತ್ತು ‘ನಮ್ಮಪ್ಪ’ ಅಂದ್ಯಲ್ಲ. ಆಮೇಲೇನು?”

ಕಡ್ಡಿ ಅನುಮಾನದಿಂದ ನೋಡಿದಳು. “ತುಂಬಾ ಇದೆ. ನಿಂಗೆ ಬೈಯೋದೂ ಇದೆ.”

“ಹೂಂ.”

ಕಡ್ಡಿ ಶುರುಮಾಡಿದಳು. ಮಧ್ಯೆ ಮಧ್ಯೆ ಚೂಟಿಯ ನಾಲಿಗೆ ತುರಿಸಿತು. ಅವಳು ತುಟಿ ಕಚ್ಚಿಕೊಂಡಳು. ಸ್ಕೂಲು ಹತ್ತಿರವಾದಾಗ, ಬೈಗುಳ ಇನ್ನೂ ಮುಗಿದಿರದಿದ್ದರೂ, ಕಡ್ಡಿ ಬ್ಯಾಗನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.