ಅಮೋಘನ ಸೊಂಟದ ಗೆರೆ

ಜಾಯ್ಲಿನ್‌ಗೆ ಸಾಕ್ಷಿ ಇರಲಿಲ್ಲ.

ಆ ಸೋಮವಾರ ಪರ್ತ್ ನಗರದಂಚಿನ ಹ್ಯಾರಿಸ್‌ಡೇಲ್‌ನ ಅವಳ ಮನೆಯಲ್ಲಿ ಇನ್ನಿಬ್ಬರು ಇದ್ದರು, ನಿಜ. ಹತ್ತು ತಿಂಗಳ ಅಮೋಘ — ಅವನಿಗೆ ಮಾತು ಬರುತ್ತಿರಲಿಲ್ಲ. ಐದು ವರ್ಷದ ಮ್ಯಾಡಿ — ಅವಳಿಗೆ ಬರುತ್ತಿತ್ತು, ಆದರೆ ಜಾಯ್ಲಿನ್ ಒಬ್ಬಳನ್ನು ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಜಾಯ್ಲಿನ್ ಮನೆಯಲ್ಲೇ ಡೇ-ಕೇರ್ ನಡೆಸುತ್ತಿದ್ದಳು. ಅಮೋಘನಿಗೆ ಅಲ್ಲಿ ಅದು ಮೊದಲ ದಿನ. ಮಧ್ಯಾಹ್ನ ನ್ಯಾಪಿ ಸೋರಿ ಅಂಗಿ ಒದ್ದೆಯಾಯಿತೆಂದು ಬಟ್ಟೆ ಬಿಚ್ಚಿದವಳು ಹಾಗೇ ನಿಂತುಬಿಟ್ಟಳು. ನ್ಯಾಪಿಯ ಪಟ್ಟಿಗಿಂತ ಒಂದು ಬೆರಳು ಮೇಲೆ, ಸೊಂಟದ ಸುತ್ತ ಕೆಂಪು ಗೆರೆ. ಎಲ್ಲೂ ತುಂಡಾಗದ ಗೆರೆ. ಬಲಗಡೆ ಚರ್ಮ ಸುಲಿದಿತ್ತು.

ಅಂಥದ್ದು ಕಂಡರೆ ತಿಳಿಸಲೇಬೇಕು, ಅದು ಕಾನೂನು. ಅವಳು ಮಕ್ಕಳ ರಕ್ಷಣಾ ಇಲಾಖೆಗೆ ಫೋನ್ ಮಾಡಿದಳು. ಇಲಾಖೆ ಬಂದು ಫೋಟೊ ತೆಗೆಯಿತು. ಮಗುವಿನ ಅಪ್ಪ ಡಾಕ್ಟರ್ ಕಾರ್ತಿಕ ಕ್ಲಿನಿಕ್ಕಿನಿಂದ ಓಡಿಬಂದ. ಬೆಳಿಗ್ಗೆ ಬಿಟ್ಟುಹೋಗುವಾಗ ಮಗುವಿನ ಮೈಮೇಲೆ ಏನೂ ಇರಲಿಲ್ಲ ಎಂದ.

ಡಾಕ್ಟರ ಮಾತು. ಇಲಾಖೆ ನಂಬಿತು.

ಮ್ಯಾಡಿ ಹೆತ್ತವರಿಂದ ದೂರ, ಇಲಾಖೆಯ ಸುಪರ್ದಿನಲ್ಲಿದ್ದ ಮಗು. ಜಾಯ್ಲಿನ್‌ದು ಅವಳಿಗೆ ಆರನೆಯ ಸಾಕುಮನೆ. ಅಂದು ಸಂಜೆಯೇ ಕಾರು ಬಂದು ಅವಳನ್ನು ಕರೆದುಕೊಂಡು ಹೋಯಿತು. ಡೇ-ಕೇರನ್ನೂ ಮುಚ್ಚಿಸಿದರು.

ಒಂದು ವಾರದ ಮೇಲೆ ಕಡತ ವಯೊಲೆಟ್‌ಳ ಮೇಜಿಗೆ ಬಂತು. ಸಾಕುಪೋಷಕರ ಮೇಲಿನ ದೂರುಗಳನ್ನು ಮರುವಿಚಾರಣೆ ಮಾಡುವುದು ಅವಳ ಕೆಲಸ. ಪರ್ತ್ ಸಿಟಿಯ ಆ ಕಚೇರಿಯಲ್ಲಿ ಅವಳು ಯಾರನ್ನೂ ಬೇಗ ನಂಬುವವಳಲ್ಲ ಎಂಬ ಹೆಸರಿತ್ತು. ಅದನ್ನು ಅವಳು ಹೊಗಳಿಕೆ ಎಂದೇ ತಿಳಿದಿದ್ದಳು.

ಮೊದಲ ತನಿಖೆ ಮಾಡಿದ್ದ ಕ್ರೇಗ್ ಫೋಟೊಗಳನ್ನು ಹರಡಿದ.

"ಗ್ಯಾರೇಜಿನಲ್ಲಿ ಟೊಮ್ಯಾಟೊ ಗಿಡ ಕಟ್ಟುವ ನೈಲಾನ್ ದಾರ ಸಿಕ್ಕಿದೆ. ಆಟ ಆಡುತ್ತಾ ಮ್ಯಾಡಿಯೇ ಮಗುವಿಗೆ ಕಟ್ಟಿರಬೇಕು, ಜಾಯ್ಲಿನ್ ನೋಡಿಕೊಂಡಿಲ್ಲ. ನನ್ನ ತೀರ್ಮಾನ ಅದು."

"ಕಡತದಲ್ಲಿ ಹಾಗೇ ಬರೆದಿದ್ದೀಯಾ? ಕೂಸಿಗೆ ಗಾಯ ಮಾಡಿದವಳು ಮ್ಯಾಡಿ ಅಂತ?"

"ಸಾಧ್ಯತೆ ಇದೆ ಅಂತ."

"ಆ ಸಾಲು ಅವಳ ಹಿಂದೆಯೇ ಹೋಗುತ್ತೆ, ಕ್ರೇಗ್. ಇನ್ಯಾವ ಮನೆಯವರು ಸೇರಿಸ್ತಾರೆ ಅವಳನ್ನ?"

ವಯೊಲೆಟ್ ಫೋಟೊ ಎತ್ತಿಕೊಂಡಳು. ಕೆಂಪು ಗೆರೆಯ ಎರಡೂ ಅಂಚಿನಲ್ಲಿ ಚರ್ಮ ತುಸು ಬಿಳಿಚಿತ್ತು. ಸುಲಿದ ಜಾಗ ಮಿರಿಮಿರಿ ಹೊಳೆಯುತ್ತಿತ್ತು.

"ಇದೇನು ಹೊಳಪು?"

"ಫ್ಲ್ಯಾಷ್."

"ಮರುದಿನ ಆಸ್ಪತ್ರೆಯಲ್ಲಿ ತೆಗೆದದ್ದು?"

"ಅದೂ ಫ್ಲ್ಯಾಷ್ ಹಾಕಿಯೇ. ಯಾಕೆ?"

ಅವಳು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಎದ್ದಳು.

ಗುರುತಿನ ಚೀಟಿಯಲ್ಲಿ ಹೆಸರು ನೋಡಿ ಜಾಯ್ಲಿನ್ ಬಾಗಿಲಲ್ಲೇ ಕೇಳಿದಳು, "ಕೊಂಕಣಿ ಬರ್ತದಾ ನಿಮಗೆ?"

"ಜಪಮಾಲೆ ಹೇಳೋವಷ್ಟೇ. ನಾನು ಬೆಂಗಳೂರಲ್ಲಿ ಬೆಳೆದವಳು."

"ಹಾಗಾದ್ರೆ ಕನ್ನಡವೇ ಆಗ್ಲಿ. ಆ ಕ್ರೇಗ್‌ಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನೀವೂ ಕೇಳಿ."

"ಗೆರೆ ನೋಡಿದ ಕೂಡಲೇ ಏನನ್ನಿಸ್ತು?"

"ಉಡಿದಾರ ಅಂತ. ಮತ್ತೆಂಥ? ಊರಲ್ಲಿ ನೋಡಿಲ್ವಾ ನಾವು?"

"ದಾರ ಇತ್ತಾ?"

"ಇದ್ದಿದ್ರೆ ಫೋನ್ ಯಾಕೆ ಮಾಡ್ತಿದ್ದೆ ಮಾರಾಯ್ರೆ? ಅದನ್ನ ಸಡಿಲ ಮಾಡಿ, ಅಪ್ಪನಿಗೆ ಎರಡು ಬೈದು ಕಳಿಸ್ತಿದ್ದೆ. ದಾರ ಇರ್ಲಿಲ್ಲ. ಅದಕ್ಕೇ ಹೆದರಿದ್ದು."

"ನೀವೇ ಕತ್ತರಿಸಿ ಬಿಸಾಡಿರಬಹುದಲ್ಲ?"

"ಕತ್ತರಿಸಿ, ಬಿಸಾಡಿ, ಆಮೇಲೆ ನನ್ನ ಮೇಲೇ ನಾನೇ ಫೋನ್ ಮಾಡಿ? ಅಷ್ಟು ಬುದ್ಧಿ ಇದ್ರೆ ನಾನು ನಿಮ್ಮ ಆಫೀಸಿನಲ್ಲಿ ಇರ್ತಿದ್ದೆ."

ವಯೊಲೆಟ್‌ಗೆ ನಗು ಬಂತು. ನಗಲಿಲ್ಲ.

ಹೊರಡುವಾಗ ಜಾಯ್ಲಿನ್ ಒಂದು ಚಿಕ್ಕ ಟಾರ್ಚ್ ತಂದುಕೊಟ್ಟಳು. "ಮ್ಯಾಡಿದು. ಇದು ಕೈಯಲ್ಲಿ ಇಲ್ಲದೆ ಮಲಗೋದಿಲ್ಲ ಅವಳು. ಗಡಿಬಿಡಿಯಲ್ಲಿ ಇಲ್ಲೇ ಉಳಿದಿದೆ. ತಲುಪಿಸ್ತೀರಾ?"

ಡಾಕ್ಟರ ಮನೆ ಎರಡು ಬೀದಿ ಆಚೆ. ಕಾರ್ತಿಕ ಗಡಿಯಾರ ನೋಡುತ್ತಲೇ ಕೂತ.

"ಈ ಆರ್ವೊ ನಂಗೆ ಕ್ಲಿನಿಕ್ ಇದೆ, ಮಧ್ಯಾಹ್ನ ಎರಡಕ್ಕೇ. ಬೇಗ ಕೇಳ್ಬಿಡಿ."

"ಮಗುಗೆ ಉಡಿದಾರ ಕಟ್ಟಿದ್ರಾ ಡಾಕ್ಟ್ರೇ?"

"ಪ್ಲೀಸ್. ನಾನು ಮಕ್ಕಳ ಕ್ಲಿನಿಕ್ ನಡೆಸೋನು. ಕತ್ತಿಗೆ, ಸೊಂಟಕ್ಕೆ ಏನೂ ಕಟ್ಬೇಡಿ ಅಂತ ಬಂದೋರಿಗೆಲ್ಲ ಹೇಳೋನೇ ನಾನು."

ಅವನ ತಾಯಿ ಕಮಲಾ ಕಾಫಿ ತಂದಿಟ್ಟರು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಮೈಸೂರಿನಿಂದ ಬಂದವರು; ಮುಂದಿನ ತಿಂಗಳು ವಾಪಸ್ ಹೊರಡುವವರಿದ್ದರೆಂದೇ ಮಗುವಿಗೆ ಡೇ-ಕೇರ್ ಅಭ್ಯಾಸ ಮಾಡಿಸಲು ಹೊರಟಿದ್ದು.

"ನೀವು ಕಟ್ಟಿದ್ರಾ ಆಂಟಿ?"

ಕಮಲಾ ಮಗನ ಮುಖ ನೋಡಿದರು. "ಇಲ್ಲಮ್ಮ."

"ನೋಡಿ, ಯಾರ ಮೇಲೂ ಹೇಳ್ಬಾರ್ದು," ಎಂದ ಕಾರ್ತಿಕ. "ಆದ್ರೆ ಅಂಥ ಮನೆಗಳಿಂದ ಬಂದ ಮಕ್ಕಳಿರ್ತಾರಲ್ಲ… ಆ ಹುಡುಗಿ ಇದ್ದಳು ಅಲ್ಲಿ. ನಾನು ಇಷ್ಟೇ ಹೇಳೋದು."

ಯಾರೂ ಕೇಳದೆ ಬಂದ ಮಾತು. ವಯೊಲೆಟ್ ಅದನ್ನು ನೆನಪಿಟ್ಟುಕೊಂಡಳು.

ಅವನು ಕ್ಲಿನಿಕ್ಕಿಗೆ ಹೋದ ಮೇಲೆ ಕಮಲಾ ಅಮೋಘನನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ನ್ಯಾಪಿಯೊಂದು ಬಿಟ್ಟರೆ ಬರಿಮೈ. ದುಂಡು ದುಂಡು ಮಗು.

"ದಿನಾ ಎಣ್ಣೆ ಹಚ್ಚಿ ಬೆಳಿಗ್ಗೆ ಎಳೆಬಿಸಿಲಿಗೆ ಮಲಗಿಸ್ತೀನಿ. ಇಲ್ಲಿ ಎಳೆಬಿಸಿಲೇ ಸುಡುತ್ತೆ. ಕಪ್ಪಾಗಿಬಿಟ್ಟಿದಾನೆ, ಇವನಮ್ಮ ಬ್ರಿಸ್ಬೇನ್‌ನಿಂದ ಬಂದು ಬೈತಾಳೆ."

ಸೊಂಟದ ಕೆಂಪು ಆರಿತ್ತು. ಸುತ್ತಲೂ ದಾರದಗಲದ ಬಿಳಿಚಿದ ಗೆರೆ ಹಾಗೇ ಉಳಿದಿತ್ತು.

ಕುಂಡದಲ್ಲಿ ಕರಿಬೇವಿನ ಗಿಡ. ಅದರ ಕೊಂಬೆಗೆ ಒಂದು ಕಪ್ಪು ದಾರ. ದಾರದಲ್ಲಿ ಸಣ್ಣ ಬೆಳ್ಳಿಗುಂಡು.

"ಅದೇನು ಆಂಟಿ?"

"ಗಿಡ ವಾಲ್ತಿತ್ತು. ಕಟ್ಟಿದೀನಿ."

ಗಿಡ ನೆಟ್ಟಗಿತ್ತು. ಆಸರೆಗೆ ಕೋಲೂ ಇರಲಿಲ್ಲ. ವಯೊಲೆಟ್ ಏನೂ ಹೇಳದೆ ಕಾಫಿ ಮುಗಿಸಿದಳು.

ಕಾರಿನಲ್ಲಿ ಕೂತು ಬ್ರಿಸ್ಬೇನ್‌ಗೆ ಫೋನ್ ಹಚ್ಚಿದಳು. ಅಮೋಘನ ತಾಯಿ ರಂಜನಿ ಆಫೀಸಿನ ತರಬೇತಿಗೆಂದು ಹೋಗಿ ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯ ಅಕ್ಕನ ಮನೆಯಲ್ಲಿದ್ದಳು. ಘಟನೆಯ ದಿನ ಕ್ರೇಗ್ ಅವಳಿಗೂ ಫೋನ್ ಮಾಡಿದ್ದ. ಮಗುವನ್ನು ಎಂದೂ ಕಟ್ಟಿಲ್ಲ ಎಂದಿದ್ದಳು.

"ಅಮೋಘನ ಉಡಿದಾರದ ಬೆಳ್ಳಿಗುಂಡು ಎಲ್ಲಿ ಮಾಡಿಸಿದ್ರಿ?"

"ಮೈಸೂರಲ್ಲಿ, ನಾಮಕರಣಕ್ಕೆ. ಯಾಕೆ, ಕಳೆದುಹೋಯ್ತಾ?"

"ಉಡಿದಾರ ಇದೆ ಅಂತ ಇಲಾಖೆಗೆ ನೀವು ಹೇಳ್ಲೇ ಇಲ್ಲ."

"ಅವರು ಕೇಳಿದ್ದು ಮಗುನ ಯಾವತ್ತಾದ್ರೂ ಕಟ್ಟಿಹಾಕಿದ್ರಾ ಅಂತ. ಯಾರಾದ್ರೂ ಮಗುನ ಕಟ್ಟಿಹಾಕ್ತಾರಾ? ಡೇ-ಕೇರ್‌ನಲ್ಲಿ ಹಗ್ಗ ಸುತ್ತಿದಾರೆ ಅಂತ ಕಾರ್ತಿಕ ಹೇಳಿದ್ರು. ನಾನು ಫೋಟೊ ಕೂಡ ನೋಡಿಲ್ಲ." ಅವಳ ದನಿ ತಗ್ಗಿತು. "ಒಂದ್ನಿಮಿಷ. ಆ ಗಾಯ… ಉಡಿದಾರದ್ದಾ?"

ಮರುದಿನ ಬೆಳಿಗ್ಗೆ ವಯೊಲೆಟ್ ಕ್ರೇಗ್‌ನನ್ನು ಕರೆದುಕೊಂಡು ಮತ್ತೆ ಅದೇ ಮನೆಗೆ ಹೋದಳು. ಮೇಜಿನ ಮೇಲೆ ಎರಡು ಫೋಟೊ ಇಟ್ಟಳು. ನಡುವೆ ಕರಿಬೇವಿನ ಗಿಡದಿಂದ ಬಿಚ್ಚಿ ತಂದ ಕಪ್ಪು ದಾರ. ಕಮಲಾ ಮಗುವನ್ನು ಇನ್ನಷ್ಟು ಅಪ್ಪಿಕೊಂಡರು.

"ಗೆರೆಯ ಅಂಚು ಬಿಳಿ," ಎಂದಳು ವಯೊಲೆಟ್. "ಮೈಯೆಲ್ಲ ಬಿಸಿಲಿಗೆ ಕಪ್ಪಾಗಿದೆ, ಇಷ್ಟಗಲ ಜಾಗಕ್ಕೆ ಮಾತ್ರ ಬಿಸಿಲು ತಾಗಿಲ್ಲ. ಅಲ್ಲಿ ತಿಂಗಳುಗಟ್ಟಲೆ ದಾರ ಇತ್ತು. ಜಾಯ್ಲಿನ್ ಮನೆಯ ಒಂದು ಮಧ್ಯಾಹ್ನದಲ್ಲಿ ಇದು ಆಗಲ್ಲ. ಮಗು ದಪ್ಪ ಆಯ್ತು, ಯಾರೂ ಸಡಿಲ ಮಾಡ್ಲಿಲ್ಲ, ದಾರ ಒಳಗೆ ಕೂತುಬಿಡ್ತು. ಇಷ್ಟರವರೆಗೆ ಯಾರದೂ ಅಪರಾಧ ಇಲ್ಲ. ಆಮೇಲೆ ಯಾರೋ ಕತ್ತರಿಸಿದ್ರು. ಯಾರು?"

"ಅಮ್ಮನೇ ಇರ್ಬೇಕು," ಎಂದ ಕಾರ್ತಿಕ ತಡಮಾಡದೆ. "ನಂಗೆ ಗೊತ್ತಿಲ್ಲದ ಹಾಗೆ ಕಟ್ಟಿದಾರೆ, ಹೆದರಿ ಕತ್ತರಿಸಿದಾರೆ."

"ಹೌದಮ್ಮ," ಎಂದರು ಕಮಲಾ ನೆಲ ನೋಡುತ್ತ. "ನಾನೇ."

"ಆಂಟಿ, ಮಗುಗೆ ತರಚಿದ್ರೆ ನೀವೇನು ಹಚ್ತೀರಿ?"

"ಅರಿಶಿನ. ಕೊಬ್ಬರಿ ಎಣ್ಣೆ."

"ಈ ಫೋಟೊದಲ್ಲಿ ಅರಿಶಿನ ಇಲ್ಲ. ಹೊಳಪು ಇದೆ." ವಯೊಲೆಟ್ ಎರಡನೆಯ ಫೋಟೊವನ್ನು ಪಕ್ಕಕ್ಕೆ ಸರಿಸಿದಳು. "ಮರುದಿನದ್ದು. ಅದೇ ಗಾಯ, ಇದಕ್ಕೂ ಫ್ಲ್ಯಾಷ್. ಹೊಳಪು ಇಲ್ಲ. ಅಂದ್ಮೇಲೆ ಮೊದಲಿನದ್ದು ಫ್ಲ್ಯಾಷ್ ಅಲ್ಲ. ಗಾಯದ ಮೇಲೆ ಪೊರೆ ಥರ ಕೂರೋ ಸ್ಪ್ರೇ ಇದೆಯಲ್ಲ ಡಾಕ್ಟ್ರೇ, ಕ್ಲಿನಿಕ್‌ನಲ್ಲಿ ಇಟ್ಟಿರ್ತೀರಿ — ಅದು. ಸೋಮವಾರ ಬೆಳಿಗ್ಗೆ ಹೊಡೆದವರು ನೀವು, ರಾತ್ರಿ ಒರೆಸಿದವರೂ ನೀವು. ಕತ್ತರಿಸಿದ್ದೂ ನೀವೇ."

ಅಮೋಘ ಮೇಜಿನ ಮೇಲಿನ ಬೆಳ್ಳಿಗುಂಡಿಗೆ ಕೈಚಾಚಿದ.

"ಕತ್ತರಿಸಿ ಕಸದಬುಟ್ಟಿಗೆ ಹಾಕಿದ," ಎಂದರು ಕಮಲಾ. "ಮಗು ಉಟ್ಟ ದಾರ, ಕಸಕ್ಕೆ ಹಾಕ್ತಾರಾ ಯಾರಾದ್ರೂ? ತೆಗೆದು ಗಿಡಕ್ಕೆ ಕಟ್ಟಿದೆ. ಆ ಆಫೀಸಿನೋರು ಬಂದಾಗ್ಲೇ ಹೇಳ್ಬಿಡೋಣ ಅಂದೆ. ಸುಮ್ನಿರಮ್ಮ ಅಂದ."

"ನನ್ನ ರಿಜಿಸ್ಟ್ರೇಷನ್ ಏನಾಗ್ತಿತ್ತು?" ಎಂದ ಕಾರ್ತಿಕ. "ಮಕ್ಕಳ ಡಾಕ್ಟರು, ತನ್ನ ಮಗನ ಸೊಂಟದಲ್ಲೇ ದಾರ ಹೂತುಹೋಗಿದ್ರೂ ನೋಡಿಲ್ಲ ಅಂದ್ರೆ? ಜಾಯ್ಲಿನ್‌ಗೆ ಒಂದು ವಾರ್ನಿಂಗ್ ಬರುತ್ತೆ, ಮುಗಿಯುತ್ತೆ ಅಂದ್ಕೊಂಡೆ."

"ಅವತ್ತೇ ಹೇಳಿದ್ರೆ ಇವನು ಒಂದು ಸಾಲು ಬರ್ಕೊಂಡು ಎದ್ದುಹೋಗ್ತಿದ್ದ." ವಯೊಲೆಟ್ ಕ್ರೇಗ್ ಕಡೆ ಕೈ ತೋರಿಸಿದಳು. "ನೀವು ಅದರ ಬದಲು ಐದು ವರ್ಷದ ಹುಡುಗಿಯನ್ನ ತೋರಿಸಿದ್ರಿ."

ಕನ್ನಡ ಅರ್ಥವಾಗದ ಕ್ರೇಗ್ ಫೋಟೊದ ಹೊಳಪನ್ನೇ ನೋಡುತ್ತಿದ್ದ. ಅದೊಂದು ಅವನಿಗೆ ಅರ್ಥವಾಗಿತ್ತು.

ಶುಕ್ರವಾರ ಜಾಯ್ಲಿನ್ ಮೇಲಿನ ದೂರು ರದ್ದಾಯಿತು. ಮ್ಯಾಡಿಯ ಕಡತದಿಂದ ಆ ಸಾಲು ಹೋಯಿತು. ಕಾರ್ತಿಕನ ಸುಳ್ಳಿನ ವರದಿ ವೈದ್ಯರ ಮಂಡಳಿಗೆ ಹೋಯಿತು. ಇಷ್ಟನ್ನೂ ಹೇಳಲು ವಯೊಲೆಟ್ ತಾನೇ ಹ್ಯಾರಿಸ್‌ಡೇಲ್‌ಗೆ ಹೋದಳು.

ಜಾಯ್ಲಿನ್ ಎಲ್ಲ ಕೇಳಿಸಿಕೊಂಡಳು. "ಅದೆಲ್ಲ ಇರ್ಲಿ. ಅವಳು ಯಾವಾಗ ಬರ್ತಾಳೆ?"

"ಜೆರಾಲ್ಡ್‌ಟನ್‌ನಲ್ಲಿ, ಇಲ್ಲಿಂದ ನಾನೂರು ಕಿಲೋಮೀಟರ್, ಒಂದು ಕುಟುಂಬ ಒಪ್ಪಿದೆ. ಅಲ್ಲೇ ಶಾಲೆಗೂ ಸೇರಿಸಿದಾರೆ. ಇನ್ನೊಮ್ಮೆ ಕದಲಿಸೋದು ಮಗುಗೆ ಒಳ್ಳೇದಲ್ಲ ಅಂತ ಮೇಲಿನವರು ತೀರ್ಮಾನ ಮಾಡಿದಾರೆ. ಅವಳನ್ನ ಇಲ್ಲಿಗೇ ಕಳಿಸಿ ಅಂತ ನಾನು ಬರೆದುಕೊಟ್ಟೆ. ನಡೀಲಿಲ್ಲ."

"ಟಾರ್ಚ್?"

"ತಲುಪಿದೆ."

"ಮಾತಾಡ್ತಾಳಂತಾ?"

ವಯೊಲೆಟ್‌ಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. "ಇಲ್ಲ. ಹೋದಾಗಿನಿಂದ ಒಂದು ಮಾತೂ ಆಡಿಲ್ಲವಂತೆ."

ಜಾಯ್ಲಿನ್ ಒಳಗೆ ಹೋಗಿ ಮ್ಯಾಡಿಯ ಕೋಣೆಯ ಬಾಗಿಲು ಮುಚ್ಚಿ ಬಂದಳು.

ಅಮೋಘನ ಗಾಯ ಮಾಯಿತು. ಜಾಯ್ಲಿನ್‌ಗೆ ಅವಳ ಡೇ-ಕೇರ್ ವಾಪಸ್ ಸಿಕ್ಕಿತು. ಮ್ಯಾಡಿ ಕಳೆದುಕೊಂಡ ಮನೆಗಳು ಅಲ್ಲಿಗೆ ಆರು.